ಒಡಕು ದನಿಯ ಲಾಲಿ

"ಇನ್ನೊಂದ್ಸಲ ಹಾಕ್ರಪ್ಪಾ," ಎಂದರು ನಿರ್ದೇಶಕ ಬ್ರುಸಾತಿ. ಡಬ್ಬಿಂಗ್ ಕೋಣೆಯ ಪರದೆಯ ಮೇಲೆ ಫೆದೋರಾ ಜಾನಿಯೆರ್ ಮತ್ತೆ ತೊಟ್ಟಿಲಿನತ್ತ ಬಾಗಿದಳು. ಲಾಲಿ ಶುರುವಾಯಿತು. ಮೇಲಿನ ಸ್ವರಕ್ಕೆ ಬಂದಾಗ ದನಿ ಒಡೆಯಿತು. ಪರದೆಯೆದುರು ಕುಳಿತಿದ್ದ ಅಸಲಿ ಫೆದೋರಾ ಕೈಗವಸಿನ ಬೆರಳುಗಳನ್ನು ಎಳೆದೆಳೆದು ಸರಿಮಾಡಿಕೊಳ್ಳುತ್ತಿದ್ದಳು.

ಅವಳು ಉತ್ತರದ ಗಡಿಯ ಫ್ರಿಯೂಲಿಯ ಬೆಟ್ಟದ ಕಡೆಯವಳು. ಮುಖಕ್ಕೆ ಇಡೀ ಇಟಲಿ ಮರುಳಾಗಿತ್ತು. ಆ ಕಡೆಯ ಮಾತಿನ ಎಳೆತಕ್ಕೆ ಮಾತ್ರ ರೋಮಿನ ನಿರ್ಮಾಪಕರು ಮೊದಲ ಚಿತ್ರದಲ್ಲೇ ಕಿವಿ ಮುಚ್ಚಿಕೊಂಡರು. ನಮ್ಮ ಸಿನಿಮಾದವರಲ್ಲಿ ಅದೇನೂ ದೊಡ್ಡ ವಿಷಯವಲ್ಲ. ಮುಖ ಒಬ್ಬರದು, ಮಾತು ಇನ್ನೊಬ್ಬರದು. ಪ್ರೇಕ್ಷಕರಿಗೆ ಟಿಕೆಟ್ ಒಂದೇ. ಅಂದಿನಿಂದ ಅವಳ ಪರವಾಗಿ ಪ್ರೀತಿಸಿದವಳು, ಜಗಳವಾಡಿದವಳು, ಕ್ಷಯ ಬಂದು ಕೊನೆಯ ಮಾತು ಹೇಳಿದವಳು ಡಬ್ಬಿಂಗಿನ ಯೊಲಾಂದಾ. ಹಾಡು ಮಾತ್ರ ಫೆದೋರಾಳದೇ. ಯುದ್ಧ ಮುಗಿದ ಮೇಲೆ ಅವಳನ್ನು ಕರೆಯುವವರಿರಲಿಲ್ಲ. ಈಗ ಅಜ್ಜಿಯ ಪಾತ್ರಕ್ಕೆ ಕರೆದಿದ್ದರು. ಅದರಲ್ಲಿ ಅವಳದೇ ದನಿ ಅಂತ ಇದ್ದದ್ದು ಈ ಒಂದು ಹಾಡು.

"ಸಿನ್ಯೋರಾ, ಬೇಜಾರು ಮಾಡ್ಕೋಬೇಡಿ," ಎಂದರು ಬ್ರುಸಾತಿ. "ಮಾತು ಕೇಳಿದ್ರೆ ರೇಷ್ಮೆ, ಹಾಡು ಕೇಳಿದ್ರೆ ಗೋಣಿತಾಟು. ಇಬ್ಬರು ಹೆಂಗಸರು ಅಂತ ಗೊತ್ತಾಗ್ಬಿಡುತ್ತೆ. ಹಾಡಿಗೂ ಯಾರನ್ನಾದ್ರೂ ಕರೆಸ್ತೀನಿ."

"ಹಾಡೂ ಹೋದ್ರೆ ಸಿನಿಮಾದಲ್ಲಿ ನಂದು ಅಂತ ಏನ್ರೀ ಉಳಿಯುತ್ತೆ? ಮೂಗಾ?"

"ಒಳ್ಳೇ ಮೂಗು," ಎಂದರು ಬ್ರುಸಾತಿ, ಪ್ರಾಮಾಣಿಕವಾಗಿಯೇ.

ಮೈಕಿನ ಮುಂದಿದ್ದ ಯೊಲಾಂದಾ ಕನ್ನಡಕ ತೆಗೆದಳು. ಲಾಲಿಗೆ ಮುಂಚಿನ ಮಾತು ಅವಳ ಪಾಲಿನದು. ದನಿಗೆ ವಯಸ್ಸಾಗದಿರುವುದೇ ಅವಳ ಅನ್ನ. ರೇಡಿಯೋ ನಾಟಕಗಳಲ್ಲಿ ಇವತ್ತಿಗೂ ಹದಿಹರೆಯದ ರಾಜಕುಮಾರಿ.

"ಫೆದೋರಾ, ಇಲ್ಲಿ ಬಾರೇ. ಈ ಸಾಲು ನಿಮ್ಮೂರಲ್ಲಿ ಹೇಗೆ ಹೇಳ್ತಾರೋ ಹಾಗೆ ಹೇಳು."

"ನಗ್ತಾರೆ ಕಣೇ."

"ನಗೋಕೆ ಇಲ್ಲಿರೋದು ಬ್ರುಸಾತಿ. ಅವರು ನಕ್ಕಿದ್ದನ್ನ ಅವರ ಹೆಂಡ್ತೀನೂ ನೋಡಿಲ್ಲ. ಹೇಳು."

ಫೆದೋರಾ ಅವಳ ಕಿವಿಯ ಹತ್ತಿರ ಬಾಗಿದಳು. "ಮಲಗು ಮರೀ, ನಾನು ಇಲ್ಲೇ ಇದೀನಿ." ಕೊನೆಯ ಪದ ಏರುದಾರಿ ಹತ್ತುವವರ ಉಸಿರಿನಂತೆ ಎಳೆದುಕೊಂಡು ಹೋಯಿತು. ಯೊಲಾಂದಾ ಇನ್ನೊಮ್ಮೆ ಹೇಳಿಸಿಕೊಂಡಳು. ಆಮೇಲೆ ಪರದೆಯತ್ತ ತಿರುಗಿ ತಲೆಯಾಡಿಸಿದಳು.

ಈ ಸಲ ತೊಟ್ಟಿಲಿನತ್ತ ಬಾಗಿದ ಹೆಂಗಸಿನ ಮಾತು ದೊರಗಾಗಿತ್ತು. ಉಸಿರು ನಡುವೆ ಸಿಕ್ಕಿಕೊಂಡಿತು, 'ಇಲ್ಲೇ' ಎನ್ನುವಾಗ ತುಸು ಬಿರಿಯಿತು. ಆ ಬಿರುಕಿನಿಂದಲೇ ಲಾಲಿ ಹೊರಟಿತು. ಮೇಲಿನ ಸ್ವರಕ್ಕೆ ಹೋಗಿ ಒಡೆದಾಗ, ಆ ಅಜ್ಜಿ ಹೀಗಲ್ಲದೆ ಇನ್ನು ಹೇಗೆ ಹಾಡಿಯಾಳು ಅನ್ನಿಸಿತು.

ಬ್ರುಸಾತಿ ಆರಿದ ಸಿಗರೇಟನ್ನು ಮತ್ತೆ ಹೊತ್ತಿಸಲು ನೋಡಿದರು.

"ನಿನ್ನ ದನಿ ಹೀಗೂ ಇದೆ ಅಂತ ರೇಡಿಯೋದವರಿಗೆ ಗೊತ್ತಾದ್ರೆ ರಾಜಕುಮಾರಿ ಪಾತ್ರ ಹೋಯ್ತು, ಯೊಲಾಂದಾ."

"ರಾಜಕುಮಾರಿಗೂ ಮೊಣಕಾಲು ನೋವು ಸ್ವಾಮಿ. ಹಾಡು ಇರುತ್ತೋ ಇಲ್ವೋ, ಅದು ಹೇಳಿ."

"ಇರಲಿ," ಎಂದರು ಬ್ರುಸಾತಿ. "ಯಾವುದಕ್ಕೂ ಇನ್ನೊಂದು ಟೇಕ್ ತಗೊಳ್ಳೋಣ."

ದೀಪ ಆರಿತು. ಯೊಲಾಂದಾ ಮಾತಾಡಿದಳು. ಅವಳ ಪಕ್ಕದಲ್ಲಿ, ಮೈಕಿಗೆ ಸಿಗದ ಹಾಗೆ, ಫೆದೋರಾಳ ತುಟಿಗಳೂ ಆಡುತ್ತಿದ್ದವು.