ಎರಡು ಸಲ ಕಿತ್ತುಕೊಂಡ ಬೈರಿಗೆ ಮೊನೆ

ಬಟೋಕಾ ಕಮರಿಯ ಕರಿಬಂಡೆಗೆ ಕಬ್ಬಿಣದ ಗೂಟ ಹೊಡೆದು, ಪ್ರವಾಸಿಗರನ್ನು ಹಗ್ಗಕ್ಕೆ ಕಟ್ಟಿ ಜಾಂಬೇಜಿ ನದಿಯ ಮೇಲೆ ಜೀಕಿಸುವ ಏರ್ಪಾಡು ನಡೆದಿತ್ತು. ಗೂಟದ ಗುರುತಿನಿಂದ ಹತ್ತು ಮಾರು ಕೆಳಗಿನ ಪೊಟರೆಯಲ್ಲಿ ತೈತಾ ಚಾಣವೆಂಬ ಪುಟ್ಟ ಬೇಟೆಹಕ್ಕಿಯ ಎರಡು ಮರಿಗಳಿದ್ದವು. ಬಂಡೆ ಕೊರೆಯುವ ಬೈರಿಗೆ ಯಂತ್ರ ಗುಡುಗಿದರೆ ತಾಯಿ ತಿರುಗಿ ಬರುವುದು ಅನುಮಾನ. ಹನ್ನೊಂದು ವರ್ಷದಿಂದ ಆ ಗಂಡುಹೆಣ್ಣು ಚಾಣದ ಜೋಡಿಯನ್ನು ನೋಡುತ್ತ ಬಂದವಳು ನಾನು, ಸುಮ್ಮನಿರಲು ನನ್ನಿಂದಾಗಲಿಲ್ಲ.

"ಅಲ್ಲಿರೋದು ಪಾರಿವಾಳ ಕಣೇ ಚಿಪೆಗೊ," ಎಂದ ಮೇಸ್ತ್ರಿ ಮುನ್ಸಾಕ. "ಚಾಣ ಅಂದ್ರೆ ದೊಡ್ಡದಿರುತ್ತೆ."

"ಆನೆ ಕುಲದೋನಿಗೆ ದೊಡ್ಡದು ಬಿಟ್ರೆ ಇನ್ನೇನ್ ಕಾಣುತ್ತೆ ಬಿಡು," ಎಂದವಳೇ ಅವನ ಬೈರಿಗೆಯ ಮೊನೆಯನ್ನು ಕಿತ್ತು ಬುಟ್ಟಿಗೆ ಹಾಕಿಕೊಂಡೆ.

ನನ್ನದು ಕತ್ತೆಕಿರುಬ ಕುಲ. ನಮ್ಮ ಟೋಂಗಾ ಜನರಲ್ಲಿ ಈ ಎರಡು ಕುಲದವರು ಪರಸ್ಪರ ಬೈಯಬಹುದು, ಸಾವಿನ ಮನೆಯಲ್ಲೂ ಗೇಲಿ ಮಾಡಬಹುದು, ಕೈಗೆ ಸಿಕ್ಕಿದ್ದನ್ನು ಕಿತ್ತುಕೊಳ್ಳಬಹುದು. ಸಿಟ್ಟಾದವನಿಗೆ ಮರ್ಯಾದೆಯಿಲ್ಲ. ಕೇಳಿದ್ದನ್ನು ಕೊಟ್ಟೇ ಬಿಡಿಸಿಕೊಳ್ಳಬೇಕು.

ಮುನ್ಸಾಕ ಹಲ್ಲು ಕಚ್ಚಿಕೊಂಡು ನಕ್ಕ. "ಏನ್ ಬೇಕು ಬೊಗಳು, ಕಿರುಬಿ."

"ಹೊತ್ತು ಮುಳುಗೋವರೆಗೂ ಪಕ್ಕದಲ್ಲಿ ಕೂತ್ಕೊಂಡು ಹಕ್ಕಿ ನೋಡು."

ಕೂತ. ನನ್ನ ಪಾಲಿನ ಜೋಳದ ಗಂಜಿಯನ್ನೂ ಕುಡಿದ. ಹಕ್ಕಿ ಮಾತ್ರ ಬರಲಿಲ್ಲ. ನನಗೆ ಅಳುವೇ ಬಂತು. ಮಾತಿನಂತೆ ಮೊನೆಯನ್ನು ಅವನ ಕೈಗಿಟ್ಟೆ. ಅವನು ಬೆರಳು ಮಡಚುವ ಮೊದಲೇ ಮತ್ತೆ ಕಿತ್ತುಕೊಂಡೆ.

"ಈ ಸಲದ್ದಕ್ಕೆ ನಾಳೆ ಸಂಜೇನೂ ಕೂತ್ಕೋಬೇಕು!"

"ನಾಚಿಕೆ ಆಗಲ್ವೇನೇ?"

"ನಾಚಿಕೇನಾ? ಅದನ್ನ ನಿಮ್ಮಜ್ಜ ಹೋದ ವರ್ಷ ಕಿತ್ಕೊಂಡು ಹೋದ."

ಮರುದಿನ ಅವನು ಗೊಣಗುತ್ತಲೇ ಬಂದ. ಸಂಜೆ ಬಿಸಿಲು ಕಮರಿಯ ಎದುರುಗೋಡೆಯ ತುದಿಗೇರಿದಾಗ ನದಿಯ ಕಡೆಯಿಂದ ಗಂಡು ಚಾಣ ಬಂತು. ಪಾರಿವಾಳಕ್ಕಿಂತ ಚಿಕ್ಕದು, ಬಿಳಿ ಗಂಟಲು, ಕತ್ತಿನ ಹಿಂದೆ ತುಕ್ಕುಬಣ್ಣ. ಗಿಣಿಯಂತೆ ರೆಕ್ಕೆ ಪಟಪಟ ಬಡಿಯುತ್ತಿತ್ತು. ಉಗುರಲ್ಲಿ ಬೇಟೆಯಾಡಿ ತಂದ ಒಂದು ಪುಟ್ಟ ಬಾನಾಡಿ ಹಕ್ಕಿ. ಪೊಟರೆಯಿಂದ ಹಾರಿದ ಹೆಣ್ಣು ಗಾಳಿಯಲ್ಲೇ ಅದನ್ನು ಕಿತ್ತುಕೊಂಡು ಒಳಗೆ ಹೋಯಿತು. ಮರಿಗಳ ಕಿರುಚಾಟ ನಮ್ಮವರೆಗೂ ಕೇಳಿಸಿತು.

ಮುನ್ಸಾಕ ಕತ್ತು ಚಾಚಿ ಪೊಟರೆಯತ್ತ ಬಗ್ಗಿ ನೋಡಿದ. ಆಮೇಲೆ, "ಕಿತ್ಕೊಂಡು ಹೋದೋಳು ನಿಮ್ಮ ಕುಲದೋಳೇ," ಎಂದ.

ನಾನು ಮೊನೆಯನ್ನು ಅವನ ಅಂಗೈಯಲ್ಲಿಟ್ಟೆ. ಈ ಸಲ ಕಿತ್ತುಕೊಳ್ಳಲಿಲ್ಲ.

ಅವನು ಅದನ್ನು ತಿರುಗಿಸಿ ನೋಡಿದ, ಮೆಲ್ಲನೆ ನನ್ನ ಬುಟ್ಟಿಗೆ ಹಾಕಿದ.

"ಕಿತ್ಕೊಳ್ಳೋಕೆ ಮರೆತೆಯಲ್ಲೇ, ಮುದಿ ಕಿರುಬಿ. ಮರಿ ಹಾರೋವರೆಗೂ ನಿನ್ನ ಹತ್ರಾನೇ ಇರ್ಲಿ. ನಮ್ಮ ಸಾಹೇಬ್ರೂ ಆನೆ ಕುಲಾನೇ. ಅವರೂ ನಿನ್ನ ಮೇಲೆ ಸಿಟ್ಟಾಗೋ ಹಾಗಿಲ್ಲ."