ಹೆಸರು ಬೀಳುವಾಗ

ಡೋಲು ಒಂದೇ ಸಮನೆ ಬಡಿಯುತ್ತಿತ್ತು. ಪರದೆಯ ಮೇಲೆ ನೀಲಿ ಕತ್ತಲು, ಅದರೊಳಗೆ ರೇವು. ಮೊದಲು ‘೧೯೭೩’ ಎಂಬ ಅಂಕಿ ಮೂಡಿತು. ಬೆನ್ನಿಗೇ ಕೆಂಪು ಹೆಸರುಗಳು ಒಂದೊಂದಾಗಿ ಬೀಳತೊಡಗಿದವು. ಹೆಸರುಗಳ ಹಿಂದೆ, ಲಂಗೋಟಿಯವನೊಬ್ಬ ಗೋಣಿ ಮುಚ್ಚಿದ ಬುಟ್ಟಿ ಹೊತ್ತು ದೋಣಿಯಿಂದಿಳಿದು, ಒಮ್ಮೆ ಹಿಂತಿರುಗಿ ನೋಡಿದ.

“ಮಾಸ್ತಮ್ಮ, ಅದು ನಿನ್ ಗಂಡ ಅಲ್ದನೇ?” ನೆರೆಮನೆಯ ಮಂಜಿ ಮೊಣಕೈಯಿಂದ ತಿವಿದಳು. “ಕಳ್ಳಮಾಲಿನ ಪಿಚ್ಚರಿಗೆ ಒಳ್ಳೆ ಮೋರೆಯೇ ಸಿಕ್ತು ಮಾರಾಯ್ತಿ.”

ಹೊನ್ನಾವರದ ಟಾಕೀಸಿನ ಬೆಂಚುಗಳೆಲ್ಲ ನಕ್ಕವು. ಮಾಸ್ತಮ್ಮನಿಗೆ ನಗು ಬರಲಿಲ್ಲ. ಕಳೆದ ವರ್ಷ ಅವಳು ಬಾಣಂತನಕ್ಕೆಂದು ಶಿರಾಲಿಯ ತವರಿನಲ್ಲಿದ್ದಾಗ ಸಿನೆಮಾದವರು ತಮ್ಮೂರಾದ ಮಾವಿನಕುರ್ವೆಗೆ ಬಂದಿದ್ದರಂತೆ. ಹತ್ತು ವರ್ಷ ಹಿಂದಿನ ಕತೆಯೆಂದು ದೋಣಿಯ ಮಿಷನ್ ಬಿಚ್ಚಿಸಿ, ಗಂಡ ಜಟ್ಟಿಯ ಅಂಗಿ ಕಳಚಿಸಿ, ಬಂಗಡೆ ಮೀನಿನ ಬುಟ್ಟಿ ಹೊರಿಸಿದರಂತೆ. “ನಡು ಮಧ್ಯಾಹ್ನ, ತಲೆ ಸುಟ್ಟೇ ಹೋತು” ಎಂದಿದ್ದ ಜಟ್ಟಿ. ಇಲ್ಲಿ ನೋಡಿದರೆ ರಾತ್ರಿ. ಎಪ್ಪತ್ತಮೂರರಲ್ಲಿ ಅವಳಿಗೂ ಅವನಿಗೂ ಮದುವೆಯಾಗಿರಲಿಲ್ಲ. ಆಗ ಅವನು ಯಾರ ದೋಣಿಯಲ್ಲಿ ಏನು ಹೊತ್ತಿದ್ದನೋ, ಅವಳು ಯಾವತ್ತೂ ಕೇಳಿರಲಿಲ್ಲ.

ಮೂರನೆಯ ದಿನ ಹವಾಲ್ದಾರ ಜಟ್ಟಿಯನ್ನು ಹುಡುಕಿಕೊಂಡು ಮನೆಗೇ ಬಂದ. “ಇಷ್ಟು ಚೆಂದ ಹೊರೂದು ಎಲ್ಲಿ ಕಲ್ತೆ ಅಂತ ಠಾಣೆಯಲ್ಲಿ ಹೇಳು, ನಡಿ.” ಆ ಕಾಲದಲ್ಲಿ ಕಾರು ತಂದು ಕಳ್ಳ ಚಿನ್ನ ಇಳಿಸಿಕೊಂಡವರ ಬಂಗಲೆಗಳು ಹೆದ್ದಾರಿಯ ಪಕ್ಕದಲ್ಲೇ ಇದ್ದವು. ಅವುಗಳ ಗೇಟು ಯಾವ ಹವಾಲ್ದಾರನಿಗೂ ಕಾಣುತ್ತಿರಲಿಲ್ಲ.

ಮಾಸ್ತಮ್ಮ ಗಂಡನ ಹಿಂದೆ ಹೋಗಲಿಲ್ಲ. ಮಧ್ಯಾಹ್ನದ ಆಟಕ್ಕೆ ಹೋದಳು. ಈ ಸಲ ಅವನ ಮೋರೆ ಬಿಟ್ಟು ಬುಟ್ಟಿಯನ್ನೇ ನೋಡಿದಳು. ಪರದೆ ತುಂಬ ಹೆಸರು; ಹೊತ್ತವನದ್ದು ಮಾತ್ರ ಇಲ್ಲ. ಕೊನೆಯ ಹೆಸರಿನ ಅಂಚಿನಲ್ಲಿ ಕಾಗೆಯೊಂದು ಎರಗಿ, ಗೋಣಿಯ ಸಂದಿನಿಂದ ಬಂಗಡೆ ಕಚ್ಚಿ ಹಾರಿತು. ಅವಳು ಕತೆ ಶುರುವಾಗುವ ಮೊದಲೇ ಎದ್ದು ಠಾಣೆಗೆ ನಡೆದಳು.

“ಸಾಹೇಬ್ರೆ, ರಾತ್ರೆ ಹಾರೂ ಕಾಗೆ ಕಂಡಿದ್ರಾ? ಚಿನ್ನ ತಿನ್ನೂ ಕಾಗೆ ಕಂಡಿದ್ರಾ? ಬನ್ನಿ, ತೋರಿಸ್ತೆ. ಟಿಕೇಟು ನಂದು.”

ಠಾಣೆಯಲ್ಲಿದ್ದವರೆಲ್ಲ ಗೊಳ್ಳೆಂದರು. ಹವಾಲ್ದಾರನ ಮೋರೆ ಕಪ್ಪಿಟ್ಟಿತು. “ಆತು, ಕರ್ಕೊಂಡ್ ಹೋಗು.”

ಹೊಳೆ ದಾಟಿಸುವ ತಾರಿದೋಣಿಯಲ್ಲಿ ಕೂತ ಮೇಲೆ ಜಟ್ಟಿ ಬಾಯಿಬಿಟ್ಟ. “ಬಂಗ್ಡೆ ಅಂತ ನಾ ಹೇಳಿದ್ದೆ.”

“ಹೌದು.”

“ಮತ್ತೆ ನೋಡೂಕೆ ಎಂತಕ್ಕೆ ಹೋದೆ?”

ಮಾಸ್ತಮ್ಮ ಸೆರಗು ಸರಿಮಾಡಿಕೊಂಡಳು. ದೋಣಿ ವಾಲಿದಾಗ ಇಬ್ಬರ ನಡುವಿನ ಹಲಗೆಯ ಮೇಲೆ ನೀರು ಹರಿದು ಬಂತು. ಒರೆಸಲು ಯಾರೂ ಕೈ ಹಾಕಲಿಲ್ಲ.