ಅಳಿಸಿದ ಫೋಟೊ ಅಲ್ಲೇ ಇತ್ತು

ನಾರ್ಶೋಪಿಂಗ್ ಊರಿನ ನಮ್ಮ ಬಾಡಿಗೆ ಕಟ್ಟಡದ ಗೋಡೆಗಳಿಗೆ ಬೂಷ್ಟು ಹಿಡಿದು ಮೂರು ಚಳಿಗಾಲ ಕಳೆದಿತ್ತು. ಸ್ನಾನದ ಮನೆಗಳ ಮೂಲೆ ಕಪ್ಪಾಗಿತ್ತು, ಮಕ್ಕಳು ಕೆಮ್ಮುತ್ತಿದ್ದವು. ಕಟ್ಟಡದ ಮಾಲೀಕ ಕಂಪನಿ ಮಾತ್ರ 'ಕಿಟಕಿ ತೆರೆದಿಡಿ' ಎಂಬ ಒಂದೇ ಕಾಗದವನ್ನು ವರ್ಷ ವರ್ಷವೂ ಕಳಿಸುತ್ತಿತ್ತು. ಬಾಡಿಗೆದಾರರು ಬಾಯಿಬಿಟ್ಟು ಹೇಳಿದರೆ ಸಾಲದು, ತಮ್ಮ ಮನೆಯ ಕೊಳೆತ ಮೂಲೆಯನ್ನು ಊರಿಗೆಲ್ಲ ತೋರಿಸಿದರೆ ಮಾತ್ರ ಜನ ನಂಬುತ್ತಾರೆ. ಸರಿ, ತೋರಿಸೋಣ ಎಂದು ನಾವೇ ಒಂದು ವೆಬ್‌ಸೈಟ್ ಮಾಡಿದೆವು. ಯಾರು ಬೇಕಾದರೂ ಹೆಸರು ಹೇಳದೆ ತಮ್ಮ ಮನೆಯ ಬೂಷ್ಟಿನ ಫೋಟೊ ಹಾಕಬಹುದಿತ್ತು.

ಅದನ್ನು ಕಟ್ಟಿದವನು ಮೂರನೇ ಮಹಡಿಯ ಸಿಕ್ಸ್‌ಟೆನ್. ಬಸ್ಸುಗಳ ವೇಳಾಪಟ್ಟಿಯ ಪ್ರೋಗ್ರಾಂ ಬರೆಯುವುದು ಅವನ ಕೆಲಸ. ನಾಲ್ಕು ಭಾನುವಾರ ಬಿಟ್ಟಿ ದುಡಿದು, ಕ್ಲೌಡ್‌ನಲ್ಲಿ ಬಾಡಿಗೆಗೆ ಜಾಗ ಹಿಡಿದು, ಫೋಟೊಗಳೆಲ್ಲ ಅಲ್ಲಿ ಹೋಗಿ ಕೂರುವಂತೆ ಮಾಡಿದ. ಇನ್ನೂರ ಹನ್ನೆರಡು ಫೋಟೊ ಬಂದವು. ಊರಿನ ಪತ್ರಿಕೆ ಬರೆಯಿತು. ಕಂಪನಿ ಮೊದಲ ಸಲ ಬೆವರಿತು.

ಪತ್ರಿಕೆ ಬಂದ ದಿನವೇ ನೆಲಮಹಡಿಯ ಟೂವೆ ಸಿಕ್ಸ್‌ಟೆನ್ನನ ಬಾಗಿಲು ಬಡಿದಳು. ಆರು ವರ್ಷದ ಮಗಳೊಂದಿಗೆ ಇರುವವಳು, ಮಾತು ಕಡಿಮೆ. ತನ್ನ ಫೋಟೊ ತೆಗೆದುಬಿಡು ಎಂದಳು. ಬೂಷ್ಟಿನ ಪಕ್ಕ ಗೂಟಕ್ಕೆ ಮಗುವಿನ ಮಳೆಕೋಟು ನೇತಾಡುತ್ತಿದ್ದುದನ್ನು ಅವಳು ಆಗ ಗಮನಿಸಿರಲಿಲ್ಲ. ಸಾಸಿವೆ ಬಣ್ಣದ ಕೋಟು, ಮೀನಿನ ಆಕಾರದ ಜೇಬು, ಅವಳೇ ಕೈಯಾರೆ ಹೊಲಿದದ್ದು.

"ಆ ಕೋಟು ನೋಡಿದ್ರೆ ಗುರುತು ಹಿಡಿಯೋನು ಒಬ್ಬ ಇದಾನೆ," ಎಂದಷ್ಟೇ ಹೇಳಿದಳು.

ಅವನು ಅವಳ ಗಂಡನಾಗಿದ್ದವನು. ಅವಳ ಕೈ ಮುರಿದವನು. ಎರಡು ಊರು ಬಿಟ್ಟರೂ ಹುಡುಕಿಕೊಂಡು ಬಂದಿದ್ದ, ಇದು ಮೂರನೆಯದು. ಇಲ್ಲಿ ಎಲ್ಲರ ವಿಳಾಸದ ದಾಖಲೆ ಇಡುವ ತೆರಿಗೆ ಕಚೇರಿಯೇ ಅವಳ ವಿಳಾಸವನ್ನು ಯಾರಿಗೂ ಕಾಣದಂತೆ ಮುಚ್ಚಿಟ್ಟಿತ್ತು. ಇದೆಲ್ಲ ನಮಗೆ ತಿಳಿದದ್ದು ಆಮೇಲೆ. ಸಿಕ್ಸ್‌ಟೆನ್ ಅವಳೆದುರೇ ಅಳಿಸುವ ಗುಂಡಿ ಒತ್ತಿದ. ಪುಟದಿಂದ ಫೋಟೊ ಮಾಯವಾಯಿತು. ಅವಳು ಉಸಿರು ಬಿಟ್ಟು ಕೆಳಗಿಳಿದಳು.

ಹನ್ನೊಂದು ದಿನದ ನಂತರ, ಶನಿವಾರ ಬೆಳಿಗ್ಗೆ, ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯ ಮುಂದೆ ನಮ್ಮ ಸಭೆ. ಫ್ಲಾಸ್ಕಿನ ಕಾಫಿ, ದಾಲ್ಚಿನ್ನಿ ಬನ್ನು. ನಾಲ್ಕನೇ ಮಹಡಿಯ ಮಿರ್ಯಾಮ್ ಕಂಪನಿಗೆ ಬರೆಯುವ ಪತ್ರಕ್ಕೆಂದು ಫೋಟೊಗಳ ಲಿಂಕುಗಳನ್ನು ಮೊದಲೇ ಗುರುತು ಮಾಡಿಟ್ಟಿದ್ದಳು. ಆಸ್ಪತ್ರೆಯಲ್ಲಿ ಎಕ್ಸ್-ರೇ ಚಿತ್ರಗಳ ಸಂಗ್ರಹ ನೋಡಿಕೊಳ್ಳುವವಳು ಅವಳು. ಒಂದೊಂದನ್ನೇ ತೆರೆಯುತ್ತ ಹೋದವಳು ಒಂದರ ಮೇಲೆ ನಿಂತಳು. ಪುಟದಲ್ಲಿ ಈಗ ಇಲ್ಲದ ಫೋಟೊ ಅದು. ಕಪ್ಪು ಮೂಲೆ, ಗೂಟ, ಮೀನಿನ ಜೇಬಿನ ಕೋಟು.

ಅಳಿಸಿದೀನಲ್ಲ, ಅದು ನಿನ್ನ ಫೋನಿನಲ್ಲಿ ಉಳಿದಿರೋ ಹಳೇದಿರಬೇಕು ಎಂದ ಸಿಕ್ಸ್‌ಟೆನ್. ಅವಳು ಅವನ ಫೋನನ್ನೇ ಇಸಿದುಕೊಂಡು ಅದೇ ಲಿಂಕು ಒತ್ತಿದಳು. ಅಲ್ಲೂ ಅದೇ ಕೋಟು.

"ನೀನು ಪುಟದಿಂದ ಅದರ ಹೆಸರು ಹೊಡೆದು ಹಾಕಿದೀಯ ಅಷ್ಟೇ. ಫೋಟೊ ಕ್ಲೌಡ್‌ನಲ್ಲಿ ಆರಾಮಾಗಿ ಕೂತಿದೆ," ಎಂದಳು.

ಆಮೇಲೆ ಅವಳು ಲಿಂಕಿನ ಬಾಲವನ್ನಷ್ಟೇ, ಅಂದರೆ ಕೊನೆಯಲ್ಲಿದ್ದ ಫೋಟೊದ ಹೆಸರನ್ನು, ಕತ್ತರಿಸಿ ಮತ್ತೆ ತೆರೆದಳು. ಇನ್ನೂರ ಹನ್ನೆರಡು ಫೋಟೊಗಳ ಪಟ್ಟಿ ಉದ್ದಕ್ಕೆ ಬಿಚ್ಚಿಕೊಂಡಿತು. ಪಾಸ್‌ವರ್ಡ್ ಇಲ್ಲ, ಕೇಳುವವರಿಲ್ಲ. ಟೂವೆಯ ಫೋಟೊದೊಳಗಿನ ವಿವರವನ್ನೂ ತೆಗೆದಳು. ಫೋಟೊ ತೆಗೆದ ದಿನ, ಗಂಟೆ, ಜಾಗ, ಎಲ್ಲವನ್ನೂ ಫೋನು ಅದರೊಳಗೇ ಬರೆದಿಟ್ಟಿತ್ತು. ನಕ್ಷೆಯ ಕೆಂಪು ಚುಕ್ಕಿ ನಮ್ಮ ಕಟ್ಟಡದ ಮೂರನೇ ಬಾಗಿಲ ಮೇಲೆ, ಟೂವೆಯ ಮನೆಗೆ ಹೋಗುವ ಬಾಗಿಲ ಮೇಲೆಯೇ ನಿಂತಿತ್ತು.

ಸಿಕ್ಸ್‌ಟೆನ್ ಆಗಲೂ ಒಪ್ಪಲಿಲ್ಲ. ತಪ್ಪು ಅವನೊಬ್ಬನದಲ್ಲ, ನಮ್ಮ ದೇಶದ ಅಭ್ಯಾಸವೇ ಹಾಗೆ. ಯಾರ ಮನೆ ಎಲ್ಲಿ, ವಯಸ್ಸೆಷ್ಟು, ಯಾರಾದರೂ ಹುಡುಕಿ ನೋಡಬಹುದು. ಮುಚ್ಚಿಡುವವರ ಮೇಲೆಯೇ ನಮಗೆ ಅನುಮಾನ.

"ನನ್ನ ವಿಳಾಸಾನೂ ನೆಟ್‌ನಲ್ಲಿದೆ, ನಮ್ಮಮ್ಮಂದೂ ಇದೆ. ಗೋಡೆ ಬೂಷ್ಟಿಗೆ ಎಂಥ ಗುಟ್ಟು ಮಾರಾಯ್ತಿ? ಫೋಟೊ ಎಲ್ಲರಿಗೂ ಕಾಣ್ಲಿ ಅಂತಾನೇ ತಾನೆ ತೆರೆದಿಟ್ಟಿದ್ದು?" ಎಂದ ಸಿಕ್ಸ್‌ಟೆನ್.

ಮಿರ್ಯಾಮ್ ಗೋಡೆಯ ಹಲಗೆಯ ಕಡೆ ಬೆರಳು ತೋರಿಸಿದಳು. ಇಡೀ ಕಟ್ಟಡಕ್ಕೆ ಇರುವ ಒಂದೇ ಕೋಣೆಯಲ್ಲಿ ಬಟ್ಟೆ ಒಗೆಯುವ ಸರದಿಯ ಹಲಗೆ ಅದು. ಮನೆಗೊಂದು ಪುಟ್ಟ ಬೀಗ. ನಮಗೆ ಬೇಕಾದ ದಿನದ ತೂತಿಗೆ ಅದನ್ನು ಸಿಕ್ಕಿಸಿದರೆ ಆ ಮೂರು ಗಂಟೆ ಕೋಣೆ ನಮ್ಮದು.

"ಹೋದ ತಿಂಗಳು ಯಾರೋ ನಿನ್ನ ಸರದೀಲಿ ನಾಲ್ಕು ನಿಮಿಷ ಜಾಸ್ತಿ ಒಗೆದ್ರು ಅಂತ ನೀನೇ ಬಾಗಿಲಿಗೆ ಒಂದು ಪುಟ ಬೈಗುಳ ಅಂಟಿಸಿದ್ದೆ. ನಿನ್ನ ಚಡ್ಡಿಗೆ ಬೀಗ ಬೇಕು, ಆ ಮಗು ಕೋಟಿಗೆ ಬೇಡ್ವೇನೋ?"

ಸಿಕ್ಸ್‌ಟೆನ್ ಹಲಗೆಯ ಕಡೆ ತಿರುಗಿ ನೋಡಿದ. ಆಮೇಲೆ ಬನ್ನನ್ನು ಕೆಳಗಿಟ್ಟು, ಹೇಗೆ ಮಾಡಲಿ ಹೇಳು ಎಂದ.

ಅವಳು ಹೇಳುತ್ತ ಹೋದಳು, ಅವನು ಅಲ್ಲೇ ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮಾಡುತ್ತ ಹೋದ. ಮೊದಲು ಇಡೀ ಸಂಗ್ರಹಕ್ಕೆ ಬಾಗಿಲು ಹಾಕಿದ. ಫೋಟೊ ನೋಡಬೇಕಾದವರಿಗೆ ಸೈಟೇ ಒಂದು ಲಿಂಕು ಕೊಡಬೇಕು, ಅದು ಐದು ನಿಮಿಷಕ್ಕೆ ಸತ್ತುಹೋಗಬೇಕು, ಸರದಿ ಮುಗಿದ ಬೀಗದ ಹಾಗೆ. ಒಳಗೆ ಬರುವ ಪ್ರತಿ ಫೋಟೊದಿಂದ ಜಾಗದ ಗುರುತನ್ನು ಹೊಸ್ತಿಲಲ್ಲೇ ಕಿತ್ತುಹಾಕಬೇಕು. ಅಳಿಸು ಎಂದರೆ ಫೋಟೊ, ಅದರ ಚಿಕ್ಕ ಪ್ರತಿ, ಹಳೆಯ ಪ್ರತಿ ಎಲ್ಲವೂ ಹೋಗಬೇಕು.

ಟೂವೆ ಬಂದದ್ದು ಆಗಲೇ, ಬಟ್ಟೆಯ ಬುಟ್ಟಿ ಸೊಂಟಕ್ಕೇರಿಸಿಕೊಂಡು. ನಮ್ಮ ಮುಖ ನೋಡಿಯೇ ಅವಳಿಗೆ ತಿಳಿಯಿತು. ಸಿಕ್ಸ್‌ಟೆನ್ ಎದ್ದು ನಿಂತು ಏನನ್ನೂ ಮುಚ್ಚಿಡದೆ ಹೇಳಿದ. ಅವಳು ಅಳಲಿಲ್ಲ. ಒಂದೇ ಒಂದು ಮಾತು ಕೇಳಿದಳು.

"ಈ ಹನ್ನೊಂದು ದಿನದಲ್ಲಿ ಅದನ್ನ ಯಾರ್ಯಾರು ತೆರೆದು ನೋಡಿದ್ರು?"

"ಗೊತ್ತಿಲ್ಲ, ಟೂವೆ. ಯಾರು ಬಂದ್ರು ಹೋದ್ರು ಅಂತ ಬರೆದಿಡೋ ವ್ಯವಸ್ಥೆ ಇತ್ತು. ನಾನು ಅದನ್ನ ಚಾಲೂ ಮಾಡಿರ್ಲಿಲ್ಲ."

ಕೋಟಿನ ಗುರುತು ಹಿಡಿಯುವವನು ನೋಡಿದ್ದಾನೆ ಎಂದಿದ್ದರೆ ಅವಳು ಪೊಲೀಸರ ಬಳಿ ಹೋಗುತ್ತಿದ್ದಳು. ನೋಡಿಲ್ಲ ಎಂದಿದ್ದರೆ ಬಟ್ಟೆ ಒಗೆಯುತ್ತಿದ್ದಳು. ಗೊತ್ತಿಲ್ಲ ಎಂಬ ಮಾತನ್ನು ಇಟ್ಟುಕೊಂಡು ಆರು ವರ್ಷದ ಮಗುವನ್ನು ಶಾಲೆಗೆ ಹೇಗೆ ಕಳಿಸುವುದು? ಮಂಗಳವಾರ ಅವರ ಮನೆ ಖಾಲಿಯಾಗಿತ್ತು. ಎಲ್ಲಿಗೆ ಹೋದರೆಂದು ನಾವು ಯಾರೂ ಕೇಳಲಿಲ್ಲ. ಸರದಿಯ ಹಲಗೆಯಲ್ಲಿ ಶನಿವಾರದ ತೂತಿನಲ್ಲಿ ಅವಳ ಬೀಗ ಇನ್ನೂ ಇದೆ. ಶನಿವಾರ ಹತ್ತರಿಂದ ಒಂದರವರೆಗೆ ಆ ಕೋಣೆಯಲ್ಲಿ ಯಾರೂ ಬಟ್ಟೆ ಒಗೆಯುವುದಿಲ್ಲ.

ಸಂಘಕ್ಕೋ, ಶಾಲೆಗೋ, ಆಸ್ಪತ್ರೆಗೋ ಸೈಟು ಕಟ್ಟುವವರೇ, ಜನ ನಿಮ್ಮನ್ನು ನಂಬಿ ತಮ್ಮ ಮನೆಯೊಳಗಿನ ಮೂಲೆಗಳನ್ನು ನಿಮ್ಮ ಕೈಗೆ ಕೊಡುತ್ತಾರೆ. ನಿಮ್ಮ ಸೈಟಿನಿಂದ ಅಳಿಸಿದ ಒಂದು ಫೋಟೊದ ಹಳೆಯ ಲಿಂಕನ್ನು ಇವತ್ತೇ, ಬೇರೆಯವರ ಫೋನಿನಲ್ಲಿ, ತೆರೆದು ನೋಡಿ. ಅದು ತೆರೆದುಕೊಂಡರೆ ಊಟಕ್ಕೆ ಏಳಬೇಡಿ, ಮೊದಲು ಬಾಗಿಲು ಹಾಕಿ. ಫೋಟೊ ಕೊಟ್ಟವರೇ, ನೀವೂ ಸುಮ್ಮನಿರಬೇಡಿ. ನನ್ನ ಫೋಟೊ ಎಲ್ಲಿದೆ, ಯಾರು ನೋಡಿದರು ಎಂದು ಕೇಳಿ. 'ಗೊತ್ತಿಲ್ಲ' ಎಂಬ ಉತ್ತರ ಬಂದರೆ, ಗೊತ್ತಾಗುವವರೆಗೆ ಅವರ ಬಾಗಿಲು ಬಿಟ್ಟು ಕದಲಬೇಡಿ.